ಹೋಗಲು ಹಡಗಿತ್ತು, ಬರಲು ದಾರಿ ಇರಲಿಲ್ಲ: ಪರಾಗ್ವೆಯ ‘ನ್ಯೂ ಆಸ್ಟ್ರೇಲಿಯಾ’ದ ಕಥೆ

ಹೋದ ವರ್ಷ ಪೆರ್ನಾಲ್ ಕಳೆದು ಒಂದು ವಾರ ಆಗಿತ್ತು. ಶಾರ್ಜಾದಲ್ಲಿರುವ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ. ಹನ್ನೊಂದು ವರ್ಷಗಳಿಂದ ಅವನು ಅಲ್ಲಿ ಎಸಿ ರಿಪೇರಿ ಕೆಲಸದಲ್ಲಿದ್ದಾನೆ. ಸಲಾಂ ಹೇಳಿ ಮಾತು ಶುರು ಮಾಡಿದ್ದೇ ಹೀಗೆ: “ಕಾಕ, ನೀವು ಡಿಪ್ಲೊಮಾ ಮಾಡಿದವರಲ್ಲವಾ, ಒಂದು ಲೆಕ್ಕ ಹಾಕಿ ಕೊಡಬೇಕು. ಎಂಟು ಸೋಲಾರ್ ಪ್ಯಾನೆಲ್, ಒಂದು ಬೋರ್‌ವೆಲ್ ಪಂಪು, ಹನ್ನೆರಡು ಮನೆ. ಕರೆಂಟ್ ಸಾಕಾಗ್ತದಾ?”

ಯಾರ ಮನೆ, ಎಲ್ಲಿಯ ಪಂಪು ಎಂದು ಕೇಳಿದ ಮೇಲೆ ವಿಷಯ ಹೊರಬಿತ್ತು. ಪೋರ್ಚುಗಲ್ ದೇಶದ ಯಾವುದೋ ಗುಡ್ಡದಲ್ಲಿ ಕೆಲವು ಕುಟುಂಬಗಳು ಸೇರಿ ಜಾಗ ತೆಗೆದುಕೊಂಡಿವೆಯಂತೆ. ಸರ್ಕಾರದ ಕರೆಂಟ್ ಲೈನು ಬೇಡ, ನಳ್ಳಿ ನೀರು ಬೇಡ, ಅಂಗಡಿಯ ತರಕಾರಿ ಬೇಡ. ಬಿಸಿಲಿನಿಂದ ಕರೆಂಟ್, ಬಾವಿಯಿಂದ ನೀರು, ತಮ್ಮದೇ ಕೋಳಿ, ತಮ್ಮದೇ ಬೆಳೆ. ಇವನು ಆರು ತಿಂಗಳಿಂದ ಅವರ ವಿಡಿಯೊ ನೋಡುತ್ತಿದ್ದಾನೆ. ಸದಸ್ಯನಾಗಲು ಒಂದು ಮೊತ್ತ ಕಟ್ಟಬೇಕು. ಊರಿನಲ್ಲಿ ಅವನ ಪಾಲಿಗೆ ಬಂದ ಮೂವತ್ತು ಸೆಂಟ್ಸ್ ಜಾಗ ಮಾರಿದರೆ ಅಷ್ಟು ಆಗುತ್ತದೆ. “ಅಲ್ಲಿ ಕಫೀಲ್ ಇಲ್ಲ ಕಾಕ, ಬಾಸ್ ಇಲ್ಲ. ಬೆಳೆದದ್ದು ತಿನ್ನುವುದು, ಹೆಂಡತಿ ಮಕ್ಕಳು ಜೊತೆಯಲ್ಲಿರುವುದು. ಇಷ್ಟೇ ಸಾಕು ನನಗೆ” ಎಂದ.

ನನಗೆ ನಗು ಬರಲಿಲ್ಲ. ಜುಲೈ ತಿಂಗಳಲ್ಲಿ ಟೆರೇಸಿನ ಮೇಲೆ ನಿಂತು ಇನ್ನೊಬ್ಬರ ಮನೆ ತಂಪು ಮಾಡುವವನಿಗೆ ಇಂಥ ಆಸೆ ಬಂದರೆ ಅದರಲ್ಲಿ ನಗುವಂಥದ್ದು ಏನೂ ಇಲ್ಲ. ನಾನೂ ನಾಲ್ಕು ವರ್ಷ ಕತಾರಿನಲ್ಲಿ ದುಡಿದು ಬಂದವನು.

ಕರೆಂಟಿನ ಲೆಕ್ಕ ಅರ್ಧ ಗಂಟೆಯಲ್ಲಿ ಮುಗಿಯಿತು. ಪ್ಯಾನೆಲ್ ತಲಾ 550 ವ್ಯಾಟ್ ಎಂದು ಹಿಡಿದರೆ ಒಳ್ಳೆಯ ಬಿಸಿಲಿನ ದಿನ ಇಪ್ಪತ್ತು ಯೂನಿಟ್ ಹತ್ತಿರ ಬರುತ್ತದೆ. ಹನ್ನೆರಡು ಮನೆಗೆ ಹಂಚಿದರೆ ಮನೆಗೆ ಒಂದೂವರೆ ಯೂನಿಟ್ ಚಿಲ್ಲರೆ, ಅದರಲ್ಲೂ ಪಂಪಿನ ಪಾಲು ಕಳೆಯಬೇಕು. ದೀಪಕ್ಕೆ, ಫೋನಿಗೆ ಸಾಕು, ಫ್ರಿಜ್ಜಿಗೆ ಕಷ್ಟ, ಚಳಿಗಾಲದಲ್ಲಿ ಇನ್ನೂ ಕಡಿಮೆ. ಅಷ್ಟನ್ನು ಬರೆದು ಕಳಿಸಿದೆ. ಆದರೆ ಅವನು ಕೇಳದ ಇನ್ನೊಂದು ಲೆಕ್ಕ ನನ್ನ ತಲೆಯಲ್ಲಿ ಉಳಿಯಿತು. ಅದಕ್ಕೆ ಕಾರಣ ಒಂದು ಹತ್ತು ಡಾಲರಿನ ನೋಟು.

ದೋಹಾದಲ್ಲಿ ನಮ್ಮ ಸೈಟಿಗೆ ಆಸ್ಟ್ರೇಲಿಯಾದ ಒಬ್ಬ ಸೂಪರ್‌ವೈಸರ್ ಇದ್ದರು. ಒಮ್ಮೆ ಊಟದ ಹೊತ್ತಿನಲ್ಲಿ ಎಲ್ಲರೂ ತಮ್ಮ ತಮ್ಮ ದೇಶದ ನೋಟು ತೋರಿಸುತ್ತಿದ್ದಾಗ ಅವರು ತಮ್ಮ ಹತ್ತು ಡಾಲರ್ ನೋಟು ತೆಗೆದು, ಅದರಲ್ಲಿದ್ದ ಹೆಂಗಸಿನ ಚಿತ್ರದ ಮೇಲೆ ಬೆರಳಿಟ್ಟು ಹೇಳಿದರು, ಈಕೆ ನಮ್ಮ ದೊಡ್ಡ ಕವಿ, ಚಿಕ್ಕ ವಯಸ್ಸಿನಲ್ಲಿ ದೇಶ ಬಿಟ್ಟು ಪರಾಗ್ವೆಯ ಕಾಡಿಗೆ ಬೇಸಾಯ ಮಾಡಲು ಹೋಗಿದ್ದಳು, ವಾಪಸು ಬರುವ ದುಡ್ಡು ಹೊಂದಿಸಲು ವರ್ಷಗಟ್ಟಲೆ ದುಡಿಯಬೇಕಾಯಿತು ಎಂದು. ಆಕೆಯ ಹೆಸರು ಮೇರಿ ಗಿಲ್ಮೋರ್. ಆ ದಿನ ರೂಮಿಗೆ ಹೋಗಿ ಓದತೊಡಗಿದ ಕಥೆ ಇದು. ನಮ್ಮ ಮನೆಗಳಲ್ಲಿ ಯಾರಾದರೊಬ್ಬರು ಹೊರದೇಶದಲ್ಲಿ ಇದ್ದೇ ಇರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ದೇಶ ಬಿಡುವ ಮನಸ್ಸು ಯಾಕೆ ಬಂತು

1890ರ ಆಸುಪಾಸಿನ ಆಸ್ಟ್ರೇಲಿಯಾ. ದೇಶದ ಸಂಪತ್ತೆಂದರೆ ಕುರಿಯ ಉಣ್ಣೆ. ಸಾವಿರಾರು ಎಕರೆಯ ಹಿಡುವಳಿಗಳಲ್ಲಿ ಲಕ್ಷಗಟ್ಟಲೆ ಕುರಿ. ಉಣ್ಣೆ ಕತ್ತರಿಸುವ ಕೆಲಸಗಾರರು ಸೀಸನ್ನಿನಲ್ಲಿ ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ನೂರಾರು ಮೈಲಿ ಅಲೆಯುತ್ತಿದ್ದರು. ಅವರ ಯೂನಿಯನ್ ಒತ್ತಾಯಿಸುತ್ತಿದ್ದ ಕೂಲಿ ನೂರು ಕುರಿಗೆ ಒಂದು ಪೌಂಡ್. ಉಣ್ಣೆಯ ಬೆಲೆ ಇಳಿಯುತ್ತಿದ್ದಂತೆ ಹಿಡುವಳಿದಾರರು ಕೂಲಿ ಇಳಿಸಲು, ಯೂನಿಯನ್ ಬಿಟ್ಟು ಬಿಡಿ ಬಿಡಿಯಾಗಿ ಕರಾರು ಮಾಡಿಸಲು ನೋಡಿದರು.

1891ರಲ್ಲಿ ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದಲ್ಲಿ ದೊಡ್ಡ ಮುಷ್ಕರವಾಯಿತು. ಬಾರ್ಕಾಲ್ಡಿನ್ ಎಂಬ ಊರಿನ ಹತ್ತಿರ ಸಾವಿರಾರು ಕೆಲಸಗಾರರು ಡೇರೆ ಹಾಕಿ ಕುಳಿತರು. ಸರ್ಕಾರ ಸೈನಿಕರನ್ನು ಕಳಿಸಿತು. ಮುಖಂಡರ ಮೇಲೆ ಒಳಸಂಚಿನ ಕೇಸು ಬಿತ್ತು. ಹದಿಮೂರು ಮಂದಿಗೆ ಮೂರು ವರ್ಷದ ಕಠಿಣ ಸಜೆ. ಮುಷ್ಕರ ಸೋತಿತು. ಅದರ ಬೆನ್ನಿಗೆ 1893ರ ಏಪ್ರಿಲ್–ಮೇ ತಿಂಗಳಲ್ಲಿ ಹತ್ತಕ್ಕೂ ಹೆಚ್ಚು ಬ್ಯಾಂಕುಗಳು ಬಾಗಿಲು ಹಾಕಿದವು. ಕೂಡಿಟ್ಟ ಹಣ ಒಳಗೆ, ಕೂಡಿಟ್ಟವರು ಹೊರಗೆ.

ಈ ಹೊತ್ತಿನಲ್ಲಿ ಕೆಲಸಗಾರರ ನಡುವೆ ದೊಡ್ಡ ಹೆಸರು ಮಾಡಿದ್ದ ಪತ್ರಕರ್ತ ವಿಲಿಯಂ ಲೇನ್. ಹುಟ್ಟಿದ್ದು 1861ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ಒಂದು ಪಾದ ಹುಟ್ಟಿನಿಂದಲೇ ಊನ. ಅಪ್ಪ ಕುಡುಕ, ಹಾಗಾಗಿ ಮಗನಿಗೆ ಮದ್ಯವೆಂದರೆ ಜನ್ಮದ ದ್ವೇಷ. ಹದಿನಾರನೇ ವಯಸ್ಸಿನಲ್ಲಿ ಅಮೆರಿಕಾ ಕಡೆಗೆ ಹೋಗಿ, ಅಲ್ಲಿ ಪತ್ರಿಕೆಯ ಕೆಲಸ ಕಲಿತು, 1885ರಲ್ಲಿ ಬ್ರಿಸ್ಬೇನ್‌ಗೆ ಬಂದವನು. ‘ದಿ ವರ್ಕರ್’ ಎಂಬ ಕಾರ್ಮಿಕ ಪತ್ರಿಕೆಯ ಸಂಪಾದಕ. ಅವನ ಬರಹ ಓದಿದವರು ಮನೆ ಮಾರಿ ಹಿಂದೆ ಹೋಗುವಷ್ಟು ಮಾತಿನ ಬಲ ಇದ್ದವನು.

ಮುಷ್ಕರ ಸೋತ ಮೇಲೆ ಲೇನ್ ಹೇಳಿದ ಮಾತಿನ ಸಾರ ಇಷ್ಟು: ಈ ದೇಶದಲ್ಲಿ ಕೆಲಸಗಾರನಿಗೆ ನ್ಯಾಯ ಸಿಗುವುದಿಲ್ಲ. ಹಳೆಯ ಮನೆಯನ್ನು ರಿಪೇರಿ ಮಾಡುವ ಬದಲು ಬೇರೆ ನೆಲಕ್ಕೆ ಹೋಗಿ ಹೊಸ ಮನೆ ಕಟ್ಟೋಣ. ಧಣಿ ಇಲ್ಲ, ಕೂಲಿ ಇಲ್ಲ. ಭೂಮಿ ಎಲ್ಲರದ್ದು, ಬೆಳೆ ಎಲ್ಲರದ್ದು. ನಾವು ಮಾಡಿ ತೋರಿಸಿದರೆ ಲೋಕವೇ ನಮ್ಮನ್ನು ನೋಡಿ ಕಲಿಯುತ್ತದೆ.

ನೂರಮೂವತ್ತು ವರ್ಷದ ನಂತರ ಶಾರ್ಜಾದಿಂದ ಬಂದ ಫೋನಿನಲ್ಲಿ ನಾನು ಕೇಳಿದ್ದು ಹೆಚ್ಚು ಕಡಿಮೆ ಇದೇ ಮಾತು.

ಸೇರಲು ಏನೇನು ಬೇಕಿತ್ತು

ಸಂಘ ಸ್ಥಾಪನೆಯಾಯಿತು. ಸದಸ್ಯನಾಗುವವನು ಕನಿಷ್ಠ 60 ಪೌಂಡ್ ಕಟ್ಟಬೇಕು. ಅಂದರೆ ಎಷ್ಟು? ನೂರು ಕುರಿಗೆ ಒಂದು ಪೌಂಡ್ ಎಂಬ ಲೆಕ್ಕದಲ್ಲಿ ಆರು ಸಾವಿರ ಕುರಿಯ ಉಣ್ಣೆ ಕೈಯಿಂದ ಕತ್ತರಿಸಬೇಕು, ಅದೂ ಊಟಕ್ಕೆ ಒಂದು ಕಾಸು ಖರ್ಚು ಮಾಡದೆ. ಹೆಚ್ಚು ಇದ್ದವರು ಹೆಚ್ಚು ಕೊಡಬೇಕು. ಹಲವರು ಮನೆ, ಗಾಡಿ, ಕುದುರೆ, ಸಾಮಾನು ಎಲ್ಲವನ್ನೂ ಮಾರಿ ಸಂಘಕ್ಕೆ ಹಾಕಿದರು.

ನಿಯಮಗಳು ಮುಖ್ಯವಾಗಿ ಮೂರು. ಒಂದು, ಮದ್ಯ ಮುಟ್ಟುವಂತಿಲ್ಲ. ಎರಡು, ಮದುವೆ ಜೀವನಪೂರ್ತಿಯ ಬಂಧ. ಮೂರನೆಯದು ಬಣ್ಣದ ಗೆರೆ: ಇಂಗ್ಲಿಷ್ ಮಾತಾಡುವ ಬಿಳಿಯರಿಗೆ ಮಾತ್ರ ಪ್ರವೇಶ, ಬೇರೆ ಬಣ್ಣದವರ ಜೊತೆ ಸಂಸಾರ ಮಾಡುವಂತಿಲ್ಲ.

ಒಳ್ಳೆಯದನ್ನೂ ಹೇಳಬೇಕು. ಹೆಂಗಸರಿಗೆ ಗಂಡಸರಷ್ಟೇ ಮತ ಎಂದು ಆ ಸಂಘ ಒಪ್ಪಿಕೊಂಡಿತ್ತು. ಆ ಕಾಲಕ್ಕೆ ಆಸ್ಟ್ರೇಲಿಯಾದ ಯಾವ ಪ್ರಾಂತ್ಯದಲ್ಲೂ ಶಾಸನಸಭೆಯ ಚುನಾವಣೆಗೆ ಹೆಂಗಸರಿಗೆ ಮತ ಇರಲಿಲ್ಲ. ಮಕ್ಕಳ, ಮುದುಕರ, ಕಾಯಿಲೆಯವರ ಹೊಣೆ ಎಲ್ಲರದ್ದು ಎಂಬ ಮಾತೂ ಇತ್ತು.

ಆದರೆ ಮೂರನೆಯ ನಿಯಮದ ಹತ್ತಿರ ನಾನು ನಿಂತುಬಿಟ್ಟೆ. ಲೇನ್ ಕೆಲಸಗಾರರ ಪರ ಬರೆದವನು, ನಿಜ. ಚೀನೀಯರ, ಏಷ್ಯಾದವರ ವಿರುದ್ಧ ಬರೆದವನೂ ಅವನೇ. ಆ ಕಾಲದಲ್ಲಿ ಆಸ್ಟ್ರೇಲಿಯಾದ ಒಣ ಒಳನಾಡಿನಲ್ಲಿ ಉಣ್ಣೆ ಮೂಟೆ, ದಿನಸಿ, ತಂತಿ ಕಂಬ ಎಲ್ಲವನ್ನೂ ಒಂಟೆಯ ಮೇಲೆ ಸಾಗಿಸುತ್ತಿದ್ದವರು ಅಫ್ಘಾನಿಸ್ತಾನ, ಬಲೂಚಿಸ್ತಾನ, ಪಂಜಾಬ್ ಕಡೆಯಿಂದ ಹೋದ ಮುಸ್ಲಿಮರು. ಅಡಿಲೇಡ್ ನಗರದಲ್ಲಿ ಅವರು 1888–89ರಲ್ಲಿ ಕಟ್ಟಿದ ಮಸೀದಿ ಇಂದಿಗೂ ಇದೆ. ಲೇನ್‌ನ ಎರಡನೇ ತಂಡ ಹಡಗು ಹತ್ತಿದ್ದು ಇದೇ ಅಡಿಲೇಡಿನಿಂದ. ಒಂಟೆಯವನು ಕುರಿಯವನಿಗಿಂತ ಕಡಿಮೆ ದುಡಿದವನೇನಲ್ಲ, ಆದರೂ ಆ ಹಡಗಿನಲ್ಲಿ ಅವನಿಗೆ ಜಾಗವಿರಲಿಲ್ಲ. ನನ್ನ ಚಿಕ್ಕಪ್ಪನ ಮಗನಿಗೂ ಇರುತ್ತಿರಲಿಲ್ಲ.

ಪರಾಗ್ವೆ ಯಾಕೆ

ಆಸ್ಟ್ರೇಲಿಯಾದಲ್ಲಿ ಇಂಥ ಯೋಜನೆಗೆ ಬೇಕಾದಷ್ಟು ನೆಲ ಸಿಗಲಿಲ್ಲ. ದಕ್ಷಿಣ ಅಮೆರಿಕಾಕ್ಕೆ ಜನ ಕಳಿಸಿ ಹುಡುಕಿದರು. ಪರಾಗ್ವೆ ಸರ್ಕಾರ ಕೈ ಚಾಚಿತು. ಅದಕ್ಕೊಂದು ಕಾರಣವಿತ್ತು. 1864ರಿಂದ 1870ರವರೆಗೆ ಆ ಸಣ್ಣ ದೇಶ ಬ್ರೆಜಿಲ್, ಅರ್ಜೆಂಟೀನಾ, ಉರುಗ್ವೆ ಮೂರರ ಜೊತೆಗೂ ಯುದ್ಧ ಮಾಡಿ ನಾಶವಾಗಿತ್ತು. ವಯಸ್ಸಿಗೆ ಬಂದ ಗಂಡಸರಲ್ಲಿ ಹೆಚ್ಚಿನವರು ಸತ್ತಿದ್ದರು. ಉಳುವ ಕೈಗಳು ಬೇಕಿದ್ದವು. ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ ನೆಲವನ್ನು ಸರ್ಕಾರ ಬೆಲೆ ಇಲ್ಲದೆ ಕೊಡಲು ಒಪ್ಪಿತು, ಇಂತಿಷ್ಟು ಕುಟುಂಬಗಳು ಇಂತಿಷ್ಟು ವರ್ಷದೊಳಗೆ ಬಂದು ನೆಲೆಸಬೇಕು ಎಂಬ ಶರತ್ತಿನ ಮೇಲೆ.

ಅಲ್ಲಿಯ ಜನರ ಮನೆಮಾತು ಗ್ವಾರಾನಿ. ಆ ಕಾಡುಗಳಲ್ಲಿ ಗ್ವಾರಾನಿ ಜನ ತಲೆತಲಾಂತರದಿಂದ ಬದುಕುತ್ತಿದ್ದರು. ಬಣ್ಣದ ಗೆರೆ ಎಳೆದುಕೊಂಡು ಹೊರಟವರಿಗೆ ಸಿಕ್ಕಿದ ನೆರೆಹೊರೆ ಇದು.

ಹಡಗು

ಸಂಘ ‘ರಾಯಲ್ ಟಾರ್’ ಎಂಬ ಹಾಯಿಹಡಗನ್ನು ಕೊಂಡಿತು. ಸುಮಾರು 600 ಟನ್ನಿನದು. ಮನೆ ಮಾರಿ ಸಿಡ್ನಿಗೆ ಬಂದ ಕುಟುಂಬಗಳು ಹಡಗು ಸಿದ್ಧವಾಗದೆ ವಾರಗಟ್ಟಲೆ ಕಾಯಬೇಕಾಯಿತು. ಕೊನೆಗೆ 1893 ಜುಲೈ 16ರಂದು ಸುಮಾರು 220 ಮಂದಿಯನ್ನು ಹೊತ್ತು ಹಡಗು ಹೊರಟಿತು. ಶಾಂತಸಾಗರ ದಾಟಿ, ದಕ್ಷಿಣ ಅಮೆರಿಕಾದ ತುದಿಯಲ್ಲಿರುವ ಕೇಪ್ ಹಾರ್ನ್ ಸುತ್ತಿ, ಸುಮಾರು ಎರಡು ತಿಂಗಳ ನಂತರ ಮಾಂಟೆವಿಡಿಯೊ ಬಂದರು. ಅಲ್ಲಿಂದ ಸ್ಟೀಮರಿನಲ್ಲಿ ನದಿಯ ಮೇಲೆ ರಾಜಧಾನಿ ಅಸುನ್ಸಿಯಾನ್. ಅಲ್ಲಿಂದ ರೈಲಿನಲ್ಲಿ ವಿಯಾರಿಕಾ ಪಟ್ಟಣ. ರೈಲು ಮುಗಿದ ಮೇಲೆ ಎತ್ತಿನ ಗಾಡಿ.

ಕಾಗದದ ಮೇಲೆ ನೋಡಿದರೆ ಎಲ್ಲ ಇತ್ತು. ನೆಲ, ನೀರು, ಮರ, ಹುಲ್ಲು. ಆದರೆ ಬಂದವರಲ್ಲಿ ಹೆಚ್ಚಿನವರು ಕುರಿಯ ಕೆಲಸದವರು, ಒಳನಾಡಿನ ಕೂಲಿಯವರು, ಪಟ್ಟಣದ ಕಸುಬಿನವರು. ಬಿಸಿ ಮಳೆನಾಡಿನಲ್ಲಿ ಕಾಡು ಕಡಿದು ಮರಗೆಣಸು, ಜೋಳ, ಹುರುಳಿಕಾಯಿ ಬೆಳೆಯುವುದು ಅವರಿಗೆ ಹೊಸದು. ಅದು ಬಲ್ಲವರು ಪಕ್ಕದಲ್ಲೇ ಇದ್ದ ಪರಾಗ್ವೆಯ ರೈತರು. ಅವರ ಹತ್ತಿರ ಕೂತು ಕಲಿಯಬೇಕಾದರೆ ಬಣ್ಣದ ಗೆರೆ ಅಡ್ಡ. ಮಾರಲು ಏನಾದರೂ ಬೆಳೆದರೂ ಅದನ್ನು ಗಾಡಿಯಲ್ಲಿ ಹೊತ್ತು ರೈಲಿನ ತನಕ ಒಯ್ಯಬೇಕು. ಗರಗಸದ ಬ್ಲೇಡು, ಮೊಳೆ, ಉಪ್ಪು, ಬಟ್ಟೆ, ಔಷಧಿ ಯಾವುದೂ ಗದ್ದೆಯಲ್ಲಿ ಬೆಳೆಯುವುದಿಲ್ಲ. ಅಂಗಡಿಯವನ ಮಗನಾಗಿ ಹೇಳುತ್ತೇನೆ, ಯಾರಿಗೂ ಏನೂ ಕೊಡುವ ಕೊಳ್ಳುವ ಅಗತ್ಯವಿಲ್ಲದ ಮನೆಯನ್ನು ನಾನು ಇದುವರೆಗೆ ನೋಡಿಲ್ಲ. ಅಂಗಡಿಗೆ ದಿನಾ ಬರುವವನು ವಾರಕ್ಕೊಮ್ಮೆ ಬಂದಾನು, ಬರುವುದಂತೂ ತಪ್ಪದು.

ಕ್ರಿಸ್ಮಸ್ ಮೊದಲು ಒಡೆದ ಮನೆ

ಅವರನ್ನು ಒಡೆದದ್ದು ಹಸಿವೆಯಲ್ಲ. ನೆಲ ಮುಟ್ಟಿ ಮೂರು ತಿಂಗಳೂ ಆಗಿರಲಿಲ್ಲ. 1893ರ ಡಿಸೆಂಬರಿನಲ್ಲಿ ಕೆಲವರು ಹತ್ತಿರದ ಊರಿನಲ್ಲಿ ಕಬ್ಬಿನ ಸಾರಾಯಿ ಕುಡಿದದ್ದು ಲೇನ್‌ನ ಕಿವಿಗೆ ಬಿತ್ತು. ಮೂರು ಮಂದಿಯನ್ನು ಅವನು ಹೊರಹಾಕಿದ. ಸಭೆ ಕರೆದು, ಕೇಳಿ, ಎಲ್ಲರ ಮಾತು ತೂಗಿ ಮಾಡಿದ ತೀರ್ಮಾನ ಅದಾಗಿರಲಿಲ್ಲ. ಅವರು ಹೋಗಲು ಒಪ್ಪದಿದ್ದಾಗ ಪರಾಗ್ವೆಯ ಪೊಲೀಸರ ನೆರವು ತರಿಸಿದ. ಆಸ್ಟ್ರೇಲಿಯಾದಲ್ಲಿ ಮುಷ್ಕರದ ಡೇರೆಗೆ ಸೈನಿಕರು ಬಂದದ್ದನ್ನು ಕಣ್ಣಾರೆ ಕಂಡವರೇ ಇಲ್ಲಿದ್ದವರು. ಅಂಥವರ ಎದುರು ತಮ್ಮದೇ ಮುಖಂಡ ಕೋವಿಯವರನ್ನು ಕರೆಸಿದ. ಆ ಮೂವರ ಹಿಂದೆ ಇನ್ನೂ ಎಂಬತ್ತರಷ್ಟು ಮಂದಿ ಹೊರಟುಹೋದರು. ಮೊದಲ ಹಡಗಿನಲ್ಲಿ ಬಂದವರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು.

ಮದ್ಯ ಬೇಡ ಎಂದದ್ದು ನಮ್ಮ ಓದುಗರಿಗೆ ತಪ್ಪಾಗಿ ಕಾಣದು, ನನಗೂ ಕಾಣುವುದಿಲ್ಲ. ಸಹಿ ಮಾಡಿದ ಮೇಲೆ ಮಾತು ಉಳಿಸಿಕೊಳ್ಳಬೇಕು. ಆದರೆ ತಪ್ಪಿದವನಿಗೆ ಯಾರು, ಹೇಗೆ ಶಿಕ್ಷೆ ಕೊಡಬೇಕು ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಬರೆದಿಡಬೇಕಿತ್ತು. ಅವನ ಹೆಂಡತಿ ಮಕ್ಕಳ ಗತಿ ಏನು? ಅವನು ಹಾಕಿದ ಹಣ ಹಡಗಾಗಿ, ದನವಾಗಿ, ಸಲಕರಣೆಯಾಗಿ ಕರಗಿದೆ. ಅವನ ಊರು ಎರಡು ತಿಂಗಳ ಸಮುದ್ರದಾಚೆ ಇದೆ. ಹೊರಹೋದವರಲ್ಲಿ ಹಲವರು ಅಸುನ್ಸಿಯಾನ್, ಬ್ಯೂನಸ್ ಐರಿಸ್ ಕಡೆ ಕೂಲಿ ಹುಡುಕುತ್ತಾ ಅಲೆದರು. ಧಣಿ ಬೇಡವೆಂದು ಹೊರಟವರಿಗೆ, ಭಾಷೆ ಬಾರದ ದೇಶದಲ್ಲಿ ಹೊಸ ಧಣಿಯನ್ನು ಹುಡುಕುವ ಗತಿ ಬಂತು.

ಅತ್ತ ಇದಾವುದೂ ತಿಳಿಯದೆ, 1893 ಡಿಸೆಂಬರ್ 31ರಂದು ಅಡಿಲೇಡಿನಿಂದ ಅದೇ ರಾಯಲ್ ಟಾರ್ ಎರಡನೇ ತಂಡವನ್ನು ಹೊತ್ತು ಹೊರಟಿತ್ತು. ಸುಮಾರು ಇನ್ನೂರು ಮಂದಿ. ಅವರು ಬಂದು ನೋಡಿದಾಗ ಕಂಡದ್ದು ಒಡೆದ ಮನೆ. ಲೇನ್ ಒಬ್ಬನೇ ಎಲ್ಲ ತೀರ್ಮಾನ ಮಾಡುವುದನ್ನು ಹೊಸಬರೂ ಒಪ್ಪಲಿಲ್ಲ. 1894ರ ಮೇ ತಿಂಗಳಲ್ಲಿ ಲೇನ್ ತನ್ನನ್ನು ನಂಬಿದ ಅರುವತ್ತರಷ್ಟು ಜನರನ್ನು ಕರೆದುಕೊಂಡು, ತಾನೇ ಸ್ಥಾಪಿಸಿದ ಊರನ್ನು ಬಿಟ್ಟು ನಡೆದ. ದಕ್ಷಿಣಕ್ಕೆ ಎಪ್ಪತ್ತು ಕಿಲೋಮೀಟರ್ ದೂರದಲ್ಲಿ ‘ಕೊಸ್ಮೆ’ ಎಂಬ ಎರಡನೇ ವಸಾಹತು ಕಟ್ಟಿದರು.

ಉಳಿದವರು ಸ್ವಲ್ಪ ಕಾಲ ಒಟ್ಟಿಗೆ ನಡೆಸಲು ನೋಡಿದರು. ಆಮೇಲೆ ಸಾಮೂಹಿಕ ಒಡೆತನ ಬಿಟ್ಟು, ನೆಲವನ್ನು ಕುಟುಂಬಕ್ಕಿಷ್ಟು ಎಂದು ಹಂಚಿಕೊಂಡರು. ಹಂಚಿಕೊಂಡ ಮೇಲೆ ಹಲವರು ಅಲ್ಲೇ ಒಳ್ಳೆಯ ರೈತರಾಗಿ ಉಳಿದರು.

ಕೊಸ್ಮೆ ಮತ್ತು ಟೀಚರಮ್ಮ

ಕೊಸ್ಮೆಯ ಮೊದಲ ವರ್ಷಗಳು ಕಷ್ಟದವು. ಕೈಯಲ್ಲಿ ಹಣವಿಲ್ಲ. ತಾವೇ ಮರ ಕಡಿದು ಗುಡಿಸಲು, ತಾವೇ ಬೆಳೆದ ಹುರುಳಿಕಾಯಿ, ಗೆಣಸು. ಆದರೆ ಒಂದು ಮಾತು ನಿಜ, ಅಲ್ಲಿದ್ದವರು ಮನಸ್ಸಿಟ್ಟು ದುಡಿದರು. ಸಂಜೆ ಹಾಡು, ಕುಣಿತ, ನಾಟಕ, ಓದು. ತಮ್ಮದೇ ಪತ್ರಿಕೆ. 1896ರ ಜನವರಿಯಲ್ಲಿ ಮಕ್ಕಳಿಗೆ ಪಾಠ ಹೇಳಲು ಆಸ್ಟ್ರೇಲಿಯಾದಿಂದ ಮೂವತ್ತು ವರ್ಷದ ಟೀಚರೊಬ್ಬರು ಒಂಟಿಯಾಗಿ ಬಂದರು. ಅವರೇ ಮೇರಿ, ಆಗಿನ ಹೆಸರು ಮೇರಿ ಕ್ಯಾಮರನ್. ಮರುವರ್ಷ ಅಲ್ಲಿದ್ದ ವಿಲಿಯಂ ಗಿಲ್ಮೋರ್ ಎಂಬ ಕುರಿಯ ಕೆಲಸದವನನ್ನು ಮದುವೆಯಾದರು. 1898ರಲ್ಲಿ ಒಬ್ಬ ಮಗ ಹುಟ್ಟಿದ.

ಕೊಸ್ಮೆ ನೂರ ಚಿಲ್ಲರೆ ಜನರಿಗಿಂತ ಹೆಚ್ಚು ಬೆಳೆಯಲಿಲ್ಲ. ಮದುವೆಯಾಗದ ಗಂಡಸರು ಹೆಚ್ಚು, ಹೆಂಗಸರು ಕಡಿಮೆ. ಸುತ್ತಮುತ್ತ ಪರಾಗ್ವೆಯ ಮನೆಗಳಿದ್ದವು, ಆದರೆ ಅಲ್ಲಿಂದ ಹೆಣ್ಣು ತಂದರೆ ನಿಯಮ ಮುರಿದಂತೆ. ಪ್ರಾಯದ ಹುಡುಗರು ಒಬ್ಬೊಬ್ಬರಾಗಿ ಹೊರಬಿದ್ದರು. ಹೊಸ ಜನ ಸಿಗುತ್ತಾರೇನೋ ಎಂದು ಲೇನ್ ಇಂಗ್ಲೆಂಡಿಗೆ ಹೋಗಿ ಪ್ರಚಾರ ಮಾಡಿದ, ಹೆಚ್ಚೇನೂ ಫಲ ಸಿಗಲಿಲ್ಲ. ಹೊರಗಿನವರು ಬೆರೆಯಬಾರದೆಂದು ಎಳೆದ ಗೆರೆ ಒಳಗಿನವರನ್ನೇ ಕಡಿಮೆ ಮಾಡಿತು.

1899ರ ಆಗಸ್ಟಿನಲ್ಲಿ ಲೇನ್ ಕೊಸ್ಮೆಯನ್ನೂ ಬಿಟ್ಟ. ಹೋದದ್ದು ನ್ಯೂಜಿಲ್ಯಾಂಡಿಗೆ. ಮತ್ತೆ ಪತ್ರಿಕೆಯ ಕೆಲಸ, ಕೊನೆಗೆ ‘ನ್ಯೂಜಿಲ್ಯಾಂಡ್ ಹೆರಾಲ್ಡ್’ನ ಸಂಪಾದಕ. ಕೂಲಿಯವರ ಪರ ಗುಡುಗಿದವನು ಸಾಮ್ರಾಜ್ಯದ ಪರ, ಯುದ್ಧದ ಪರ ಬರೆಯುವವನಾದ. ಒಬ್ಬ ಮಗನನ್ನು ಕೊಸ್ಮೆಯಲ್ಲಿ ಕ್ರಿಕೆಟ್ ಆಟದ ಅಪಘಾತದಲ್ಲಿ, ಇನ್ನೊಬ್ಬನನ್ನು 1915ರಲ್ಲಿ ಗಲಿಪೋಲಿಯ ಯುದ್ಧದಲ್ಲಿ ಕಳೆದುಕೊಂಡ. 1917ರಲ್ಲಿ ತೀರಿಹೋದ. ಅವನ ಮೇಲೆ ಸಿಟ್ಟು ಬರುತ್ತದೆ, ಆದರೆ ಅವನನ್ನು ಮೋಸಗಾರ ಎನ್ನಲಾರೆ. ಜನರ ದುಡ್ಡು ತಿಂದು ಓಡಿದವನಲ್ಲ, ತನ್ನ ಸಂಸಾರವನ್ನೂ ಅದೇ ಕಾಡಿಗೆ ಹಾಕಿದವನು. ಮೋಸವಿಲ್ಲದಿದ್ದರೂ ಮನೆ ಮುಳುಗಬಹುದು.

ಗಿಲ್ಮೋರ್ ದಂಪತಿ ಕೂಡ 1899ರಲ್ಲೇ ಹೊರಬಂದರು. ಕೈಯಲ್ಲಿ ಹಸುಗೂಸು, ಟಿಕೆಟ್ಟಿಗೆ ದುಡ್ಡಿಲ್ಲ. ಗಂಡ ಅರ್ಜೆಂಟೀನಾದ ದಕ್ಷಿಣದ ತುದಿ ಪೆಟಗೋನಿಯಾಕ್ಕೆ ಹೋಗಿ ಮತ್ತೆ ಕುರಿಯ ಉಣ್ಣೆ ಕತ್ತರಿಸಿದ. ಮೇರಿ ಮಗುವನ್ನು ಕಟ್ಟಿಕೊಂಡು ಅಲ್ಲಿಗೇ ಹೋಗಿ ಮಕ್ಕಳಿಗೆ ಪಾಠ ಹೇಳಿದರು, ಇಂಗ್ಲಿಷ್ ಕಲಿಸಿದರು. ಕಾಸಿಗೆ ಕಾಸು ಕೂಡಿಸಿ ಊರು ಮುಟ್ಟಿದಾಗ 1902. ಬಿಟ್ಟು ಬರುವ ನಿರ್ಧಾರಕ್ಕೂ ಊರಿಗೂ ನಡುವೆ ಮೂರು ವರ್ಷ.

ಗಿಲ್ಮೋರ್ ಆಮೇಲೆ ಆಸ್ಟ್ರೇಲಿಯಾದ ದೊಡ್ಡ ಕವಿಯಾದರು, 1962ರಲ್ಲಿ ತೀರಿಹೋದಾಗ ಸರ್ಕಾರದ ಗೌರವದಲ್ಲಿ ಅಂತ್ಯಕ್ರಿಯೆ ನಡೆಯಿತು, 1993ರಿಂದ ನೋಟಿನ ಮೇಲೆ ಮುಖವೂ ಬಂತು. ಆದರೆ ಆ ಮೂರು ವರ್ಷ ದಾಟದೆ ಅಲ್ಲೇ ಉಳಿದವರ ಮುಖ ಯಾವ ನೋಟಿನಲ್ಲೂ ಇಲ್ಲ.

ಗೆರೆಯಾಚೆ ನಡೆದ ಮಗ

ಕೊಸ್ಮೆಯ ಸಾಮೂಹಿಕ ಜೀವನವೂ ಮುಂದಿನ ಹತ್ತು ವರ್ಷಗಳೊಳಗೆ ಮುಗಿಯಿತು. ಮೊದಲ ವಸಾಹತು ಇದ್ದ ಜಾಗದಲ್ಲಿ ಇಂದು ನ್ವೇವಾ ಲೊಂಡ್ರೆಸ್ ಎಂಬ ಊರಿದೆ. ಉಳಿದವರ ಮಕ್ಕಳು, ಮೊಮ್ಮಕ್ಕಳು ಪರಾಗ್ವೆಯವರನ್ನೇ ಮದುವೆಯಾದರು. ಇಂಗ್ಲಿಷ್ ಹೆಸರಿಟ್ಟುಕೊಂಡು ಸ್ಪ್ಯಾನಿಷ್, ಗ್ವಾರಾನಿ ಮಾತಾಡುವ ಅವರ ಸಂತತಿ ಈಗಲೂ ಆ ದೇಶದಲ್ಲಿದೆ.

ಈ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದವರು ಲಿಯೋನ್ ಕಡೋಗನ್. ನ್ಯೂ ಆಸ್ಟ್ರೇಲಿಯಾಕ್ಕೆಂದು ಬಂದ ತಂದೆ ತಾಯಿಗೆ 1899ರಲ್ಲಿ ಹುಟ್ಟಿದವರು. ಬಣ್ಣದ ಗೆರೆಯೊಳಗೆ ಬದುಕಲು ಬಂದವರ ಮಗ ಗ್ವಾರಾನಿ ಕಲಿತು, ಕಾಡಿನ ಎಂಬ್ಯಾ ಗ್ವಾರಾನಿ ಜನರ ಜೊತೆ ವರ್ಷಗಟ್ಟಲೆ ಕುಳಿತು ಅವರ ಮಾತು ಕೇಳಿದರು. ಅವರಲ್ಲೊಬ್ಬ ಜೈಲಿನಲ್ಲಿದ್ದಾಗ ಬಿಡಿಸಲು ಓಡಾಡಿದರು. ಆ ನಂಬಿಕೆಯ ಮೇಲೆ ಹಿರಿಯರು ಹೊರಗಿನವರಿಗೆ ಹೇಳದ ತಮ್ಮ ಪವಿತ್ರ ನುಡಿಗಳನ್ನು ಅವರಿಗೆ ಹೇಳಿದರು. ಅದನ್ನೆಲ್ಲ ಬರೆದಿಟ್ಟ ‘ಆಯ್ವು ರಪಿತಾ’ 1959ರಲ್ಲಿ ಪುಸ್ತಕವಾಯಿತು. ಬಾಯಿಂದ ಬಾಯಿಗೆ ಬಂದ ಮಾತನ್ನು ಅಕ್ಷರಕ್ಕೆ ಇಳಿಸುವುದು ಎಷ್ಟು ದೊಡ್ಡ ಕೆಲಸ ಎಂಬುದನ್ನು ಬ್ಯಾರಿಗಳಾದ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಸ್ವರ್ಗ ಕಟ್ಟಲು ಹೊರಟ ಹಡಗಿನಿಂದ ಆ ದೇಶಕ್ಕೆ ಸಿಕ್ಕಿದ ದೊಡ್ಡ ಕೊಡುಗೆ, ಆ ಹಡಗಿನ ನಿಯಮ ಬಿಟ್ಟು ನಡೆದವನಿಂದ ಬಂತು.

ಉಪ್ಪನ ಮಾತು

ಇಷ್ಟು ಓದಿದ್ದರಿಂದಲೇ ಚಿಕ್ಕಪ್ಪನ ಮಗನ ಫೋನು ಬಂದಾಗ ನನಗೆ ಪ್ಯಾನೆಲ್ ಲೆಕ್ಕಕ್ಕಿಂತ ಬೇರೆ ಲೆಕ್ಕ ನೆನಪಾದದ್ದು. ಇನ್ನೊಂದು ಕಾರಣ ನಮ್ಮ ಮನೆಯೊಳಗೇ ಇದೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಉಪ್ಪ ಒಬ್ಬ ಸ್ನೇಹಿತರ ಜೊತೆ ಸೇರಿ ಅಡಿಕೆ, ಕೊಬ್ಬರಿ ವ್ಯಾಪಾರ ಶುರು ಮಾಡಿದ್ದರು. ಇಬ್ಬರೂ ಪ್ರಾಮಾಣಿಕರು. ಲಾಭ ಬಂದರೆ ಹೇಗೆ ಹಂಚುವುದು ಎಂಬುದನ್ನು ಚೆನ್ನಾಗಿ ಬರೆದಿದ್ದರು. ಬಿಡುವುದಾದರೆ ಹೇಗೆ ಎಂದು ಒಂದು ಸಾಲೂ ಬರೆದಿರಲಿಲ್ಲ, ಸ್ನೇಹದಲ್ಲಿ ಅಂಥ ಮಾತು ಎತ್ತಲು ನಾಚಿಕೆ. ಮೂರು ವರ್ಷಕ್ಕೆ ಬಿಡಬೇಕಾಗಿ ಬಂತು. ಗೋಡೌನಿನ ಅಡ್ವಾನ್ಸ್ ಯಾರದ್ದು, ಬಾಕಿ ಉಳಿದ ಕಡ ಯಾರು ವಸೂಲು ಮಾಡುವುದು, ತಕ್ಕಡಿ ಯಾರಿಗೆ ಎಂದು ಮಾತು ಬೆಳೆದು, ಇಬ್ಬರೂ ಜುಮಾಕ್ಕೆ ಬಂದರೆ ಬೇರೆ ಬೇರೆ ಬಾಗಿಲಿನಿಂದ ಹೊರಹೋಗುವಂತಾಯಿತು. ಉಮ್ಮನ ಎರಡು ಬಳೆ ಆ ವ್ಯಾಪಾರದಲ್ಲಿ ಹೋಯಿತು. ಆಮೇಲೆ ಉಪ್ಪ ಅಂಗಡಿಯ ಗಲ್ಲಾದ ಹತ್ತಿರ ಕೂತು ನನಗೆ ಹೇಳಿದ್ದು ಇಷ್ಟೇ: “ಬಿಡುವಾಗಿನ ಮಾತನ್ನು ಸೇರುವಾಗಲೇ ಬರೆಯಬೇಕು ಮೋನೆ. ಬಿಡುವಾಗ ಬರೆಯಲು ಯಾರಿಗೂ ಮನಸ್ಸು ಇರುವುದಿಲ್ಲ.”

ನ್ಯೂ ಆಸ್ಟ್ರೇಲಿಯಾದವರು ಸೇರುವ ಬಾಗಿಲಿಗೆ ಮೂರು ಬೀಗ ಹಾಕಿದ್ದರು, ಹಣ, ಪ್ರತಿಜ್ಞೆ, ಬಣ್ಣ. ಹೊರಗೆ ಬರುವವನಿಗೆ ಮಾತ್ರ ಬಾಗಿಲನ್ನೇ ಇಟ್ಟಿರಲಿಲ್ಲ. ಅವರ ನೆಲದ ಕನಸು ಸುಳ್ಳಾಗಿ ಅವರು ಸೋತರು ಎಂದು ನನಗೆ ಅನಿಸುವುದಿಲ್ಲ. ಭೂಮಿ ಹಂಚಿಕೊಂಡ ಮೇಲೆ ಅದೇ ನೆಲದಲ್ಲಿ ಬೆಳೆ ಬಂತು, ಅದೇ ಜನ ಬದುಕಿದರು. ಭಿನ್ನಾಭಿಪ್ರಾಯ ಬಂದವನಿಗೆ ಮರ್ಯಾದೆಯಿಂದ ಹೊರಡುವ ದಾರಿ ಇಲ್ಲದ ಕಡೆ, ಸಣ್ಣ ಜಗಳವೂ ಇಡೀ ಮನೆಯನ್ನು ಒಡೆಯುವಷ್ಟು ದೊಡ್ಡದಾಗುತ್ತದೆ.

ಮರುದಿನ ನಾನು ಚಿಕ್ಕಪ್ಪನ ಮಗನಿಗೆ ಮೂರು ಪ್ರಶ್ನೆ ಬರೆದು ಕಳಿಸಿದೆ. ಎರಡು ವರ್ಷದ ನಂತರ ನೀನು ಹೊರಡುವುದಾದರೆ ಕಟ್ಟಿದ ಹಣದಲ್ಲಿ ಎಷ್ಟು, ಎಷ್ಟು ದಿನದೊಳಗೆ ವಾಪಸು? ಜಾಗದ ದಾಖಲೆ ಯಾರ ಹೆಸರಿನಲ್ಲಿದೆ? ಯಾರನ್ನಾದರೂ ಹೊರಗೆ ಹಾಕುವುದಾದರೆ ತೀರ್ಮಾನ ಯಾರದ್ದು? ಇವನ್ನು ಅವರಿಗೆ ಕೇಳು, ಬಾಯಿಮಾತು ಬೇಡ, ಬರಹದಲ್ಲಿ ಕೇಳು ಎಂದೆ. ಪ್ಯಾನೆಲ್ ಕಡಿಮೆಯಾದರೆ ಇನ್ನು ನಾಲ್ಕು ಹಾಕಬಹುದು, ಇದಕ್ಕೆ ಆಮೇಲೆ ಹಾಕಲು ಏನೂ ಇಲ್ಲ ಎಂದೂ ಬರೆದೆ.

ಹತ್ತು ದಿನ ಅವನಿಂದ ಫೋನಿಲ್ಲ. ಬೇಸರ ಮಾಡಿಕೊಂಡಿದ್ದಾನೆ ಎಂದುಕೊಂಡೆ. ಹನ್ನೊಂದನೆಯ ದಿನ ಮಾಡಿದ. ಮೊದಲ ಪ್ರಶ್ನೆಗೆ ಅವರು ಉತ್ತರ ಕೊಟ್ಟಿಲ್ಲವಂತೆ, ಉಳಿದ ಎರಡಕ್ಕೆ ಮೀಟಿಂಗಿನಲ್ಲಿ ಕೇಳಿ ಹೇಳುತ್ತೇವೆ ಎಂದಿದ್ದಾರಂತೆ. “ಕಾಕ, ಜಾಗ ಈಗ ಮಾರುವುದಿಲ್ಲ. ಮುಂದಿನ ರಜೆಯಲ್ಲಿ ಒಂದು ತಿಂಗಳು ಹೋಗಿ ಕೆಲಸ ಮಾಡಿ ನೋಡುತ್ತೇನೆ. ವಾಪಸು ಬರುವ ಟಿಕೆಟ್ ಮೊದಲೇ ತೆಗೆಯುತ್ತೇನೆ” ಎಂದ.

ಹೋಗಿ ಬರಲಿ. ಇಷ್ಟವಾದರೆ ಉಳಿಯಲಿ, ಅದಕ್ಕೂ ನನ್ನ ದುಆ ಇದೆ. ಆ ಮೂವತ್ತು ಸೆಂಟ್ಸಿನಲ್ಲಿ ಈ ಮಳೆಗಾಲ ಚಿಕ್ಕಪ್ಪ ಹತ್ತು ತೆಂಗಿನ ಸಸಿ ನೆಟ್ಟಿದ್ದಾರೆ. ಅವನು ಬರುವಷ್ಟರಲ್ಲಿ ಬೇರು ಹಿಡಿದಿರುತ್ತವೆ, ಇನ್ಶಾ ಅಲ್ಲಾಹ್.